ಬೆಳ್ಳಿಯ ಎಡಗಾಲು

ಮುರಿದ ಎಲುಬು ಕೂಡಿದ ಜಾಗ ಮೊದಲಿಗಿಂತ ಗಟ್ಟಿಯಾಗುತ್ತದೆ ಎಂದು ನನ್ನ ಕಾಲು ಕಟ್ಟಿದ ಸಂತೆಕಲ್ಲೂರಿನ ನಾಟಿವೈದ್ಯ ಹೇಳಿದ್ದ. ಲಿಂಗಸುಗೂರಿನ ದವಾಖಾನೆಯ ಡಾಕ್ಟರು ಮಾತ್ರ ಅದೆಲ್ಲ ಸುಳ್ಳು, ಒಮ್ಮೆ ಮುರಿದದ್ದು ಮುರಿದಂತೆಯೇ ಎಂದರು. ಇಬ್ಬರೂ ದೊಡ್ಡವರು, ಇಬ್ಬರೂ ತಲೆಯಾಡಿಸಿಯೇ ಹೇಳಿದರು. ಯಾರ ಮಾತು ನಿಜವೆಂದು ತಿಳಿಯಲು ಇದ್ದದ್ದು ಒಂದೇ ದಾರಿ. ಆ ಕಾಲಿನಿಂದ ಜೋರಾಗಿ ಚೆಂಡು ಹೊಡೆಯಬೇಕು, ಎದುರಿನಿಂದ ಒಬ್ಬ ಅಷ್ಟೇ ಜೋರಾಗಿ ಬಂದು ಅದಕ್ಕೆ ಬಡಿಯಬೇಕು. ಅಷ್ಟು ಸಣ್ಣ ಸಂಗತಿಯನ್ನು ತಿಳಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಆಗಿನ್ನೂ ನಮ್ಮ ಕಡೆ ನಿಜಾಮರ ಆಳ್ವಿಕೆ. ನಾನು ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುತ್ತಿದ್ದೆ. ಅವ್ವ ಮಸ್ಕಿಯಲ್ಲಿ ಇದ್ದಳು, ನಾನು ಶುಕ್ರವಾರದ ರಜೆಗೆ ಅವಳ ಹತ್ತಿರ ಹೋಗುತ್ತಿದ್ದೆ. ಹಗಲೆಲ್ಲ ಬಲದಿಂದ ಎಡಕ್ಕೆ ಬರೆದು ಬರೆದು ಬಗ್ಗಿದ ಬೆನ್ನು ನೆಟ್ಟಗಾಗುತ್ತಿದ್ದದ್ದು ಸಂಜೆಯ ಫುಟ್‌ಬಾಲಿನಲ್ಲಿ ಮಾತ್ರ. ಊರಾಚೆ ಹಿಂದಿನ ದಂಡಿನವರು ಬಿಟ್ಟುಹೋದ ಬಯಲಿತ್ತು. ಕಚೇರಿಯವರು, ಶಾಲೆಯವರು ಸೇರಿ ಒಂದು ತಂಡ ಮಾಡಿಕೊಂಡಿದ್ದೆವು. ಶಾಲೆಯ ಡ್ರಿಲ್ ಮಾಸ್ತರರೇ ಕ್ಯಾಪ್ಟನ್. ಇಡೀ ತಂಡಕ್ಕೆ ಬೂಟು ಇದ್ದದ್ದು ಅವರಿಗೊಬ್ಬರಿಗೆ. ಅದನ್ನು ಅವರು ಬಯಲಿಗೆ ಬರುವತನಕ ಹಾಕಿಕೊಂಡು, ಆಟಕ್ಕೆ ಮೊದಲು ಬಿಚ್ಚಿಡುತ್ತಿದ್ದರು, ಸವೆದೀತೆಂದು.

ಹಟ್ಟಿಯ ಚಿನ್ನದ ಗಣಿಯಲ್ಲಿ ಆಗ ಮತ್ತೆ ಕೆಲಸ ಶುರುವಾಗಿತ್ತು. ಅಲ್ಲಿನ ಕೂಲಿಗಳೂ ಒಂದು ತಂಡ ಕಟ್ಟಿದ್ದರು. ಅವರ ಹಿಂದಿನ ಸಾಲಿನಲ್ಲಿ ಒಬ್ಬ ಎತ್ತರದ ಆಳು ಆಡುತ್ತಿದ್ದ. ನೆಲದ ಕೆಳಗೆ ಬಂಡೆಗೆ ತೂತು ಕೊರೆಯುವುದು ಅವನ ಕೆಲಸ. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಅವರ ಮೇಲೆ ಆಟವಿತ್ತು. ಚೆಂಡು ಹಸಿ ನೆಲದಲ್ಲಿ ನನಗೂ ಅವನಿಗೂ ನಡುವೆ ಸಿಕ್ಕಿಕೊಂಡಿತು. ಇಬ್ಬರೂ ಒಂದೇ ಸಲ ಹೊಡೆದೆವು. ಒಣ ಜೋಳದ ದಂಟು ಮುರಿದಂಥ ಸಪ್ಪಳ ಕೇಳಿತು. ಇದೆಲ್ಲಿಂದ ಬಂತು ಎಂದು ನಾನು ಸುತ್ತ ನೋಡಿದ್ದು ನೆನಪಿದೆ. ನನ್ನ ಬಲಗಾಲು ಮೊಣಕಾಲಿನ ಕೆಳಗೆ ಬಾಗಬಾರದ ಕಡೆ ಬಾಗಿದ್ದನ್ನು ನೋಡಿದ ಮೇಲೆಯೇ ನೋವು ಬಂದದ್ದು. ಅವನದು ತಪ್ಪೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನನ್ನು ಚಕ್ಕಡಿಯಲ್ಲಿ ಮಸ್ಕಿಗೆ ಒಯ್ದರು. ಸಂತೆಕಲ್ಲೂರಿನವನು ಬಂದು ಎಲುಬು ಎಳೆದು ಕೂಡಿಸಿ, ಉದ್ದಿನ ಹಿಟ್ಟಿನಲ್ಲಿ ಕೋಳಿಮೊಟ್ಟೆ ಕಲಸಿ ಬಳಿದು, ಬಿದಿರಿನ ದಬ್ಬೆ ಕಟ್ಟಿದ. ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವ್ವ ಅದನ್ನು ಮೊಟ್ಟೆ ಎಂದು ಕರೆಯದೆ 'ಬಿಳೇ ಔಷಧ' ಎನ್ನುತ್ತಿದ್ದಳು. ನೆರೆಯವರು ಕೇಳಿದರೂ ಅದೇ ಉತ್ತರ. ಔಷಧಕ್ಕೆ ದೋಷವಿಲ್ಲವಂತೆ.

ದಬ್ಬೆ ಕಟ್ಟಿದ ದಿನ ಅವಳು ನನ್ನ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು ಸೆರಗೊಡ್ಡಿ ಮುದಗಲ್ಲಿನ ಅಲಾಯಿ ದೇವರಿಗೆ ಹರಕೆ ಹೊತ್ತಳು. ಮೊಹರಮ್ಮಿನಲ್ಲಿ ಕೂಡ್ರಿಸುವ ಆ ದೇವರಿಗೆ ನಮ್ಮ ಸೀಮೆಯಲ್ಲಿ ಹರಕೆ ಹೊರದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ.

"ನನ್ನ ಮಗನ ಕಾಲು ಕೂಡಿಸಪ್ಪ, ನಿನಗ ಬೆಳ್ಳಿ ಕಾಲು ಏರಸ್ತೀನಿ. ಏರಸೂ ತನಕ ಆ ಕಾಲು ಚೆಂಡು ಮುಟ್ಟಂಗಿಲ್ಲ" ಎಂದಳು.

ಕೊನೆಯ ಮಾತು ದೇವರಿಗಿಂತ ಹೆಚ್ಚಾಗಿ ನನಗೇ ಹೇಳಿದ್ದು ಎಂದು ಆಗಲೇ ಗೊತ್ತಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲು ಕೂಡಿತು. ದಬ್ಬೆ ಬಿಚ್ಚಿದಾಗ ಒಳಗಿಂದ ಬಂದದ್ದು ನನ್ನ ಕಾಲೆಂದು ನಂಬುವುದೇ ಕಷ್ಟವಾಯಿತು. ಬಡಕಾಗಿತ್ತು, ಬಿಳಿಚಿತ್ತು. ಮುರಿದ ಜಾಗದಲ್ಲಿ ಬಾರಿಕಾಯಿಯಷ್ಟು ಗಂಟು ಎದ್ದಿತ್ತು. ಆ ಗಂಟಿನ ಮೇಲೆ ನನಗೆ ಹುಚ್ಚು ಕುತೂಹಲ. ಒತ್ತಿ ನೋಡುವೆ, ಬೆರಳಿನಿಂದ ತಟ್ಟಿ ಸಪ್ಪಳ ಕೇಳುವೆ, ಎಡಗಾಲಿನ ಅದೇ ಜಾಗ ತಟ್ಟಿ ಎರಡನ್ನೂ ಹೋಲಿಸುವೆ. ಕಚೇರಿಯಲ್ಲಿ ಮೇಜಿನ ಕಾಲಿಗೆ ಮೆಲ್ಲಗೆ ಬಡಿದು ನೋಡುತ್ತಿದ್ದೆ. ಸ್ವಲ್ಪ ಜೋರಾಗಿ ಬಡಿಯೋಣವೆಂದರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ನಾನು ಮುಂದಕ್ಕೆ ಅಂದರೆ ಅದು ಹಿಂದಕ್ಕೆ. ನನ್ನ ಮಾತು ಕೇಳದ ಕಾಲು ಇನ್ನಾರ ಮಾತು ಕೇಳುತ್ತಿದೆ ಎಂದು ಯೋಚಿಸುತ್ತ ಕೂತು, ಎಷ್ಟೋ ಸಲ ನಕಲು ತಪ್ಪಿ ಬೈಸಿಕೊಂಡೆ.

ಮೊಹರಂ ಬಂತು. ಅವ್ವ ಮುದಗಲ್ಲಿನ ಪತ್ತಾರನ ಹತ್ತಿರ ಬೆಳ್ಳಿಯ ಕಾಲು ಮಾಡಿಸಿದ್ದಳು. ತೆಳುವಾದ ತಗಡಿನದು, ಬೆರಳುದ್ದ, ಉಗುರುಗಳನ್ನೂ ಕೊರೆದಿದ್ದ. ನಾನು ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಹರಕೆಯ ಫಕೀರನಾಗಿ, ಐದು ಮನೆ ಬೇಡಿ, ಅವ್ವ ಮಾಡಿದ ಬೆಲ್ಲದ ಚೋಂಗೆರೊಟ್ಟಿ ಹೊತ್ತು ಅವಳ ಹಿಂದೆ ನಡೆದೆ. ದೇವರ ಮುಂದೆ ಸಕ್ಕರೆಗೆ ಫಾತೆಹಾ ಓದಿಸಿ ಬೆಳ್ಳಿಯ ಕಾಲನ್ನು ದೇವರ ಸೇವೆಯ ಮುಜಾವರರ ಕೈಗೆ ಕೊಟ್ಟಳು. ಅವರು ಅದನ್ನು ಎತ್ತಿ ದೇವರಿಗೆ ಕಟ್ಟಿದಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

"ಅವ್ವಾ, ಹೆಬ್ಬಟ್ಟು ಆ ಕಡೆ ಐತಿ. ಅದು ಎಡಗಾಲು" ಎಂದೆ.

ಅವ್ವ ನೋಡಿದಳು. ಮುಜಾವರರೂ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ವಿಷಯ ತಿಳಿಯಿತು. ಯಾವ ಕಾಲು ಎಂದು ಪತ್ತಾರ ಕೇಳಿದಾಗ ಅವಳು ಹರಕೆ ಹೊತ್ತ ಗಳಿಗೆಯನ್ನು ನೆನೆದುಕೊಂಡಿದ್ದಳು. ನಾನು ಅಂಗಾತ ಮಲಗಿದ್ದೆ, ಅವಳು ಎದುರಿಗೆ ನಿಂತಿದ್ದಳು, ಕಟ್ಟಿದ ಕಾಲು ಅವಳ ಎಡಗೈ ಕಡೆಗಿತ್ತು. ಎಡಗಾಲು ಎಂದು ಹೇಳಿ ಬಂದಿದ್ದಳು.

"ಅದನ್ನ ಕೊಡ್ರಿ, ಬದಲ ಮಾಡಿಸಿಕೊಂಡು ಬರ್ತೀನಿ" ಎಂದು ಅವ್ವ ಕೈ ಚಾಚಿದಳು.

"ಕೊಟ್ಟದ್ದು ಕೊಟ್ಟಂಗ ಆತವ್ವ. ದೇವರಿಗೆ ಏರಿದ್ದು ವಾಪಸ್ ಬರಂಗಿಲ್ಲ. ಎಡಗಾಲಿನ ಮನ್ನತ್ ತೀರ್ತು. ಬಲಗಾಲಿಂದು ಬಾಕಿ ಉಳೀತು, ಬರೋ ವರ್ಷ ತಾ."

"ಎಡಗಾಲು ಮುರದೇ ಇಲ್ಲಲ್ರೀ."

"ಮುರಿಯೋಕಿಂತ ಮೊದಲ ತೀರಿಸಿದಿ ಅಂತ ತಿಳಕೋ" ಎಂದರು ಮುಜಾವರರು. ಹಿಂದಿನ ಸಾಲಿನವರು ನೂಕುತ್ತಿದ್ದರಿಂದ ಹೆಚ್ಚು ವಾದಿಸಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ.

ಲಿಂಗಸುಗೂರಿನ ಗೆಳೆಯರೆಲ್ಲ ಅಯ್ಯೋ ಪಾಪ ಎಂದರು. ಇನ್ನೊಂದು ವರ್ಷ ಕಾಯಬೇಕಲ್ಲ ಎಂದು ಡ್ರಿಲ್ ಮಾಸ್ತರರು ಹಣೆ ಚಚ್ಚಿಕೊಂಡರು. ನಾನೂ ಮುಖ ಸಪ್ಪಗೆ ಮಾಡಿಕೊಂಡೆ. ಆದರೆ ಒಳಗೆ ಹಾಯೆನಿಸಿತ್ತು. ಮುದಗಲ್ಲಿನಿಂದ ಬಸ್ಸಿನಲ್ಲಿ ಬರುವಾಗಲೇ ನನಗೆ ಇದು ಗೊತ್ತಾಗಿತ್ತು. ಆಡಬೇಕೆಂದು ಜೀವ ಬಿಡುತ್ತಿದ್ದವನಿಗೆ ಆಡಬಾರದು ಎಂದಾಗ ಯಾಕೆ ಹಾಯೆನಿಸಬೇಕು? ಗಂಟನ್ನು ಒತ್ತಿ ನೋಡಿದಂತೆ ಈ ಸಮಾಧಾನವನ್ನೂ ಆಗಾಗ ಒತ್ತಿ ನೋಡಿದೆ. ಒಳಗಿದ್ದದ್ದು ಬರೀ ಅಂಜಿಕೆ.

ಆದರೆ ಡ್ರಿಲ್ ಮಾಸ್ತರರು ಬಿಡುವ ಆಸಾಮಿಯಲ್ಲ. ಒಂದು ಸಂಜೆ ಕಚೇರಿಗೇ ಬಂದು ಕೂತರು.

"ಮನ್ನತ್ ಅಂದ್ರ ಮನ್ನತ್, ನಾ ಏನೂ ಅನ್ನಂಗಿಲ್ಲ. ಬಲಗಾಲು ಬಂದ್. ಆದ್ರ ಎಡಗಾಲಿಗೆ ಬಿಡುಗಡೆ ಸಿಕ್ಕೈತಿ ಇಲ್ಲೋ? ಅದನ್ಯಾಕ ಮನ್ಯಾಗ ಕೂಡ್ರಿಸ್ತಿ?"

ಹಾವೂ ಸಾಯದ, ಕೋಲೂ ಮುರಿಯದ ದಾರಿ. ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಹಳ ಹೊತ್ತು ಲೆಕ್ಕ ಹಾಕಿ, "ಎಡಗಾಲು ನಿಂದು, ಬಲಗಾಲು ದೇವರ್ದು. ದೇವರ್ದನ್ನ ಮುಟ್ಟಬ್ಯಾಡ" ಎಂದಳು.

ಹೀಗೆ ನನಗೆ ನನ್ನ ಎಡಗಾಲಿನ ಪರಿಚಯವಾಯಿತು. ಹುಟ್ಟಿದಾಗಿನಿಂದ ಜೊತೆಗಿದ್ದರೂ ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ನಾನು ಕೇಳಿಯೇ ಇರಲಿಲ್ಲ. ದಂಡಿನ ಕಾಲದ ಹಾಳುಗೋಡೆಯೊಂದಕ್ಕೆ ಸುಣ್ಣದಲ್ಲಿ ಗುರುತು ಹಾಕಿ ದಿನಾ ಹೊಡೆದೆ. ಚೆಂಡು ಗೋಡೆ ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು. ನೆಲ ಸರಿಯಿಲ್ಲ ಎಂದೆ. "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಎಂದು ಮಾಸ್ತರರು ನಕ್ಕರು. ಬರಬರುತ್ತ ಒಂದು ವಿಚಿತ್ರ ಕಂಡಿತು. ಎಡಗಾಲು ಹೊಡೆಯಲು ಎದ್ದಾಗ ಮೈಭಾರವನ್ನೆಲ್ಲ ಹೊರುತ್ತಿದ್ದದ್ದು ಮುರಿದ ಬಲಗಾಲೇ. ಅದು ಅಲುಗದೆ ನಿಲ್ಲುತ್ತಿತ್ತು. ಭಾರ ಹೊರಲು ಹೆದರದ ಕಾಲು ಏಟಿಗೆ ಮಾತ್ರ ಯಾಕೆ ಹೆದರುತ್ತದೆ?

ಸುಗ್ಗಿ ಮುಗಿದ ಮೇಲೆ ಸಿಂಧನೂರಿನಲ್ಲಿ ಆಡಿದೆವು. ಕೊಯ್ದ ಎರೆಹೊಲವೇ ಬಯಲು. ಬಿರುಕುಗಳಲ್ಲಿ ಚೆಂಡು ಸಿಕ್ಕರೆ ಆಟ ನಿಲ್ಲಿಸಿ ತೆಗೆಯಬೇಕು. ನಾನು ಎಡಗಾಲಿನಿಂದ ಒಂದು ಗೋಲು ಹೊಡೆದೆ. ಬಲಗಾಲಿಗೆ ಬಂದ ಚೆಂಡನ್ನೆಲ್ಲ ಬಿಟ್ಟು ಸರಿದೆ. ನೋಡುವವರು ಮೊದಲು ಬೈದರು, ಸಂಗತಿ ತಿಳಿದ ಮೇಲೆ ಪ್ರತಿ ಸಲ ಚೆಂಡು ಬಿಟ್ಟಾಗಲೂ ಒಳ್ಳೇ ನೇಮಸ್ತ ಎಂದು ಹೊಗಳಿದರು. ಆ ಹೊಗಳಿಕೆ ನನಗೆ ಒಂದಿಷ್ಟೂ ಹಿತವಾಗಲಿಲ್ಲ. ಹರಕೆ ಇಲ್ಲದಿದ್ದರೂ ನಾನು ಸರಿಯುತ್ತಿದ್ದೆ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಮತ್ತೆ ಮೊಹರಂ ಬಂತು. ಈ ಸಲ ಅವ್ವ ನನ್ನನ್ನು ಪತ್ತಾರನ ಮುಂದೆ ನಿಲ್ಲಿಸಿ, ಬಲಗಾಲನ್ನು ಕೈಯಿಂದ ಮುಟ್ಟಿ ತೋರಿಸಿದಳು. ಅಷ್ಟಾದರೂ ನಂಬದೆ, ದೇವರ ಮುಂದೆ ಬೆಳ್ಳಿಯ ಕಾಲನ್ನು ನನ್ನ ಪಾದದ ಪಕ್ಕ ಇಟ್ಟು ನೋಡಿದಳು. ಹರಕೆ ತೀರಿತು. ನನ್ನ ಹತ್ತಿರ ಇನ್ನು ಯಾವ ನೆಪವೂ ಉಳಿದಿರಲಿಲ್ಲ.

ಮೊಹರಂ ಮುಗಿದ ಕೆಲವೇ ದಿನಗಳಲ್ಲಿ ಹಟ್ಟಿಯ ತಂಡ ಲಿಂಗಸುಗೂರಿಗೆ ಬಂತು. ಆ ಎತ್ತರದ ಆಳೂ ಬಂದಿದ್ದ. ಆಟಕ್ಕೆ ಮೊದಲು ನಾನು ಬಯಲಿನ ಅಂಚಿಗೆ ಕೂತು ಪಾದಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಅವನು ಬಂದು ಮುಂದೆ ಕುಕ್ಕರಗಾಲಲ್ಲಿ ಕೂತ.

"ನೋಡ್ಲೇನ್ರಿ?" ಎಂದ.

ಕಾಲು ಚಾಚಿದೆ. ಬಂಡೆ ಕೊರೆಯುವ ಕೈ, ಒರಟಾಗಿತ್ತು. ಗಂಟಿನ ಮೇಲೆ ಹೆಬ್ಬೆರಳಿಟ್ಟು, ನಾನು ಇಷ್ಟು ದಿನ ಮಾಡಿದಂತೆಯೇ ಒತ್ತಿ ನೋಡಿದ.

"ನೀವು ಹಿಂದಿನ ಸಾಲಿನಾಗ ಆಡ್ತೀರೇನು?" ಎಂದು ಕೇಳಿದೆ.

"ಇಲ್ರಿ. ಅದನ್ನ ಬಿಟ್ಟೀನಿ. ಈಗ ಗೋಲಿನ್ಯಾಗ ನಿಂದರ್ತೀನಿ."

"ಯಾಕ?"

ಅವನು ಕೈ ತೆಗೆಯಲಿಲ್ಲ. "ಆ ಸಪ್ಪಳ ನಾನೂ ಕೇಳೀನ್ರಿ. ಗಣಿ ಕೆಳಗ ಬಂಡೆ ಸಿಡಿದರ ಅಂಜಂಗಿಲ್ಲ ನಾ. ಒಬ್ಬರ ಕಾಲು ಮುಂದ ಬಂದ್ರ ನಿಂತುಬಿಡ್ತೀನಿ. ಮೈ ಮುಂದ ಹೋಗಂಗಿಲ್ಲ" ಎಂದ.

ಒಂದೂವರೆ ವರ್ಷ ನನ್ನ ಕಾಲೊಂದನ್ನೇ ಯೋಚಿಸಿದ ನನಗೆ, ಅವತ್ತು ಬಯಲಿನಲ್ಲಿ ಇಬ್ಬರಿದ್ದೆವು ಎನ್ನುವುದು ಹೊಳೆದೇ ಇರಲಿಲ್ಲ. ನನಗೆ ಅವನ ಮೇಲೆ ಮರುಕ ಬಂತು, ಹಿಂದೆಯೇ ಒಂದು ಬಗೆಯ ಸ್ನೇಹವೂ ಬಂತು.

ಆಟ ಅರ್ಧ ಮುಗಿದಿತ್ತು. ಯಾರೋ ಉದ್ದಕ್ಕೆ ಹೊಡೆದ ಚೆಂಡು ಅವರ ಹಿಂದಿನವರನ್ನು ದಾಟಿ ನನ್ನ ಮುಂದೆ ಬಂತು. ಮುಂದೆ ಗೋಲು, ಗೋಲಿನಲ್ಲಿ ಅವನೊಬ್ಬನೇ. ಅವನು ಓಡಿಬಂದು ಚೆಂಡಿನ ಮೇಲೆ ಬೀಳಬೇಕಿತ್ತು. ಬರಲಿಲ್ಲ. ಗೆರೆಯ ಮೇಲೆ ಕೈ ಚಾಚಿಕೊಂಡು ನನ್ನ ಕಾಲನ್ನೇ ನೋಡುತ್ತ ನಿಂತ. ಎಡಗಾಲಿನಿಂದ ಮೆಲ್ಲಗೆ ಮೂಲೆಗೆ ತಳ್ಳಿದ್ದರೂ ಗೋಲೇ. ಆದರೆ ಚೆಂಡು ಉರುಳುತ್ತಿದ್ದದ್ದು ಬಲಗಾಲಿನ ದಾರಿಯಲ್ಲಿ, ಮತ್ತು ನನಗೆ ಗೋಲಿಗಿಂತ ಹೆಚ್ಚಾಗಿ ತಿಳಿಯಬೇಕಿತ್ತು.

"ಬಾರಲೇ" ಎಂದು ಕೂಗಿದೆ. "ಅಲ್ಯಾಕ ನಿಂತಿ, ಬಾ."

ಅವನು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಬಂದ. ಅಷ್ಟು ದೊಡ್ಡ ಆಳು ಅಷ್ಟು ವೇಗವಾಗಿ ಬರಬಲ್ಲನೆಂದು ನಾನು ಮರೆತಿದ್ದೆ. ಕಾಲು ಹಿಂದೆ ಸರಿಯಲು ನೋಡಿತು. ಸರಿಯುವುದರೊಳಗೆ ನಾನು ಹೊಡೆದಿದ್ದೆ. ಚೆಂಡು ಅವನ ಎದೆಗೆ ಬಡಿಯಿತು, ಅವನ ಮೊಣಕಾಲು ನನ್ನ ಗಂಟಿಗೇ ಬಡಿಯಿತು, ಇಬ್ಬರೂ ಒಬ್ಬರ ಮೇಲೊಬ್ಬರು ಉರುಳಿದೆವು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು.

ಚೆಂಡು ಪಕ್ಕದಲ್ಲೇ ಬಿದ್ದಿತ್ತು. ಅದನ್ನು ಹಿಡಿಯುವುದು ಬಿಟ್ಟು ಅವನು ಎರಡೂ ಕೈಯಿಂದ ನನ್ನ ಕಾಲು ಹಿಡಿದುಕೊಂಡ. ಮೇಲಿಂದ ಕೆಳಗಿನತನಕ ಸವರಿ ನೋಡಿದ.

"ಮುರೀತೇನ್ರಿ?"

ನಾನು ಎದ್ದು ಬಲಗಾಲೂರಿ ನಿಂತೆ. ಎಡಗಾಲು ಎತ್ತಿದೆ. ಆಮೇಲೆ ಬಲಗಾಲನ್ನು ನೆಲಕ್ಕೆ ಬಡಿದೆ.

"ಇಲ್ಲ" ಎಂದೆ.

ಅವನು ಕೂತಲ್ಲಿಂದಲೇ ನನ್ನ ಕಾಲನ್ನು, ಆಮೇಲೆ ನನ್ನ ಮುಖವನ್ನು ನೋಡಿದ. ಮಾಸ್ತರರು ದೂರದಿಂದ ಚೆಂಡು, ಚೆಂಡು ಎಂದು ಬಡಕೊಳ್ಳುತ್ತಿದ್ದರು. ಅವನು ಮೆಲ್ಲಗೆ ಎದ್ದು, ಅಂಗಿಯ ಮಣ್ಣು ಜಾಡಿಸಿ, ಚೆಂಡನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದ.

"ಹಂಗಾರ ಇನ್ನೊಮ್ಮೆ ಹೊಡಿ" ಎಂದು, ಗೋಲಿನ ಕಡೆಗೆ ಓಡಿದ.