ಎಲೆ ಬಿಟ್ಟು ಎದ್ದ ದೇರಣ್ಣ ಮಾವ

ಬೆಳ್ಳಾರೆಯಿಂದ ಮೊದಲ ಬಸ್ಸು ಹಿಡಿದು ಸುಳ್ಯಕ್ಕೆ ಬಂದಿಳಿದಾಗ ಎಂಟು ಗಂಟೆ. ಮೈಸೂರಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಜೊತೆಗೆ ನನ್ನ ಸೋದರಮಾವ ದೇರಣ್ಣ ಗೌಡರು. ಅರವತ್ತು ದಾಟಿದರೂ ರೈಲು ಕಂಡವರಲ್ಲ. ನಾನು ಶಾಲೆ ಮೇಷ್ಟ್ರು. ರಜೆ ಸಿಕ್ಕಿದ್ದೇ ತಡ, ಅವರಿಗೆ ಬೆಂಗಳೂರು ತೋರಿಸಲು ಹೊರಡಿಸಿದ್ದೆ. ಐವತ್ತರ ದಶಕದ ಮೊದಲ ವರ್ಷಗಳ ಮಾತಿದು.

"ಬಾ ಅಳಿಯ, ಒಂದು ಕಾಫಿ ಕುಡಿಯುವ," ಎಂದರು ಮಾವ. ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು. ಬಸ್ಸು ನಿಲ್ಲುವಲ್ಲಿದ್ದ ಆ ಹೋಟೆಲಿಗೆ ನಾನು ಮೂರು ವರ್ಷದಿಂದ ಕಾಲಿಟ್ಟಿರಲಿಲ್ಲ. ಅಲ್ಲಿನ ಕ್ರಮ ಹೀಗೆ: ಒಳಗಿನ ಕೋಣೆ ಮೇಲುಜಾತಿಯವರಿಗೆ, ಜಗಲಿಯ ಬೆಂಚು ನಮ್ಮಂಥವರಿಗೆ. ಒಳಗೆ ತಿಂದವರ ಎಲೆಯನ್ನು ಹೋಟೆಲಿನ ಮಾಣಿ ಎತ್ತುತ್ತಿದ್ದ. ಜಗಲಿಯವರು ತಮ್ಮ ಎಂಜಲೆಲೆ ತಾವೇ ಎತ್ತಿ, ಹಿತ್ತಿಲ ಬುಟ್ಟಿಗೆ ಹಾಕಿ, ಕೂತ ಜಾಗ ಒರೆಸಿ ಹೋಗಬೇಕು. ದುಡ್ಡು ಮಾತ್ರ ಇಬ್ಬರದ್ದೂ ಒಂದೇ ಡಬ್ಬಿಗೆ!

ಮಾವ ಕೈ ಹಿಡಿದು ಎಳೆದುಕೊಂಡು ಹೋದರು. ಬಾಳೆಹಣ್ಣಿನ ಬನ್ಸ್ ತಿಂದೆವು. ನಾನು ಬೇಕೆಂದೇ ಎಲೆ ಬಿಟ್ಟು ಎದ್ದೆ. ಗಲ್ಲಾದಲ್ಲಿದ್ದ ಯಜಮಾನರು ತಲೆ ಎತ್ತುವಷ್ಟರಲ್ಲಿ ಮಾವ ತಮ್ಮ ಎಲೆಯ ಜೊತೆ ನನ್ನದನ್ನೂ ಎತ್ತಿ ಹಿತ್ತಿಲಿಗೆ ಹೋಗಿಬಿಟ್ಟರು. ನಾಚಿಕೆಯಿಂದ ಸತ್ತೇ ಹೋದೆ.

"ಎಂತಕ್ಕೆ ಎತ್ತಿದ್ದು ಮಾವ?"

"ನಲವತ್ತು ವರ್ಷ ಎತ್ತಿದ ಕೈ ಮಾರಾಯ. ಸವೆದು ಹೋಯಿತಾ? ಸುಮ್ಮನೆ ಗಲಾಟೆ ಎಂತಕ್ಕೆ?"

ಮೈಸೂರಿಗೆ ನೂರು ಮೈಲಿ, ತಲೆಗೆ ನಾಲ್ಕು ರೂಪಾಯಿ ಚಿಲ್ಲರೆ. ಸಂಪಾಜೆಯ ಘಾಟಿ ಹತ್ತಿ ಮಡಿಕೇರಿ ಮುಟ್ಟುವವರೆಗೂ ನಾನು ಅವರೊಡನೆ ಮಾತಾಡಲಿಲ್ಲ. ಅಲ್ಲಿನ ಚಳಿಗೆ ಮಾವ ಮುಂಡಾಸು ಬಿಚ್ಚಿ ನನ್ನ ಕಿವಿಗೇ ಸುತ್ತಿದರು. ಮತ್ತೆಲ್ಲಿಯ ಸಿಟ್ಟು! ರಾತ್ರಿ ಮೈಸೂರಿನ ಛತ್ರದಲ್ಲಿ ಮಲಗಿ, ಬೆಳಿಗ್ಗೆ ರೈಲು ಹತ್ತಿದೆವು. ರೈಲು ಕಂಡು ಮಾವ ಕುಣಿಯುತ್ತಾರೆಂದುಕೊಂಡಿದ್ದೆ. "ಉದ್ದ ಉಂಟು," ಎಂದರು, ಅಷ್ಟೆ.

ಬೆಂಗಳೂರಿನಲ್ಲಿ ಇಳಿದವರೇ ಚಿಕ್ಕಪೇಟೆಯ ಒಂದು ಹೋಟೆಲಿಗೆ ನುಗ್ಗಿದೆವು. ಕಲ್ಲಿನ ಮೇಜು, ಗೋಡೆಗೆಲ್ಲ ಕನ್ನಡಿ, ಸಂತೆಯಂಥ ಗದ್ದಲ. ಮಾವ ಬಾಗಿಲಲ್ಲೇ ನಿಂತರು.

"ನಮ್ಮದು ಯಾವ ಕಡೆ?"

"ಖಾಲಿ ಇದ್ದ ಕಡೆ," ಎಂದೆ.

ಎರಡು ಕುರ್ಚಿ ಖಾಲಿ ಇದ್ದ ಮೇಜಿನಲ್ಲಿ ಆಗಲೇ ಇಬ್ಬರಿದ್ದರು. ಒಬ್ಬರು ಕರಿಕೋಟಿನ ವಕೀಲರು, ಇನ್ನೊಬ್ಬ ಜಟಕಾ ಓಡಿಸುವವ. ಜಟಕಾದವ ಚಟ್ನಿ ಕೇಳಿದ, ವಕೀಲರು ಪಾತ್ರೆ ಅವನ ಮುಂದೆ ದೂಡಿದರು. ಮಾವ ದೋಸೆ ತಿನ್ನುವುದು ಬಿಟ್ಟು ಅದನ್ನೇ ನೋಡುತ್ತ ಕೂತರು. ದೋಸೆ ಗರಿಗರಿಯಾಗಿತ್ತು, ಒಳಗಿನ ಪಲ್ಯಕ್ಕೆ ಉಪ್ಪು ಸ್ವಲ್ಪ ಮುಂದು.

ತಿಂದಾದ ಮೇಲೆ ಮಾವ ತಟ್ಟೆಯ ಮೇಲಿನ ಎಲೆಯನ್ನು ಮಡಚಿ ಹಿಡಿದು ಎದ್ದರು. "ಬುಟ್ಟಿ ಎಲ್ಲಿ ಉಂಟು?" ಎಂದು ಕೇಳಿದರು. ಮಾಣಿ ಓಡಿ ಬಂದು ಎಲೆಗೆ ಕೈ ಹಾಕಿದ. ಮಾತು ಕೇಳಿದರೆ ಪುತ್ತೂರಿನ ಕಡೆಯವನೇ.

"ಬಿಡಿ ಮಾರಾಯ್ರೆ, ಅದು ನನ್ನ ಕೆಲಸ!"

"ನನ್ನ ಎಂಜಲು ಮಾರಾಯ, ನಾನೇ ಹಾಕ್ತೇನೆ."

"ನೀವು ಎತ್ತಿದ್ರೆ ನನಗೆ ಬೈಗುಳ. ಬಿಡಿ ಅಂದೆನಲ್ಲ!"

ಇವರು ಬಿಡಲಿಲ್ಲ, ಅವನೂ ಬಿಡಲಿಲ್ಲ. ಎಲೆ ಹರಿದು ಎರಡಾಯಿತು. ವಕೀಲರು ನಕ್ಕು, "ಕೂತ್ಕೊಳ್ಳಿ ಯಜಮಾನ್ರೇ, ಕಾಫಿ ಬರ್ಲಿ," ಎಂದರು. ಮಾವ ಕೂತರು. ಆಮೇಲೆ, "ನನ್ನ ಎಲೆಗೆ ಇಷ್ಟು ವರ್ಷದಲ್ಲಿ ಒಬ್ಬನೂ ಕೈ ಹಾಕಿದ್ದಿಲ್ಲ ಅಳಿಯ," ಎಂದರು. ಕಣ್ಣು ತುಂಬಿತ್ತು.

ಅಲ್ಲಿಂದ ಶುರುವಾಯಿತು ನೋಡಿ! ಮೂರು ದಿನದಲ್ಲಿ ಒಂಬತ್ತು ಹೋಟೆಲು. ಬಳೇಪೇಟೆಯಲ್ಲಿ ಉಪ್ಪಿಟ್ಟು, ಗಾಂಧಿ ಬಜಾರಿನಲ್ಲಿ ಖಾಲಿ ದೋಸೆ, ಮೆಜೆಸ್ಟಿಕ್ಕಿನಲ್ಲಿ ಕೇಸರಿಭಾತು. ಲಾಲ್‌ಬಾಗ್ ನೋಡಲು ಹೊರಟವರು ದಾರಿಯ ಹೋಟೆಲು ನೋಡಿ ತಿರುಗಿ ಬಂದೆವು. ತಿಂದಾದ ಮೇಲೆ ಮಾವ ಕೈ ತೊಳೆದು ಬಂದು ಮತ್ತೆ ಕೂರುತ್ತಿದ್ದರು. ಮಾಣಿ ಬಂದು ಎಲೆ ಎತ್ತುವುದನ್ನು ಕಣ್ಣಾರೆ ಕಂಡೇ, "ಆಯ್ತು, ಹೋಗುವ," ಎನ್ನುತ್ತಿದ್ದರು. ಅಜೀರ್ಣವಾದದ್ದು ನನಗೆ, ಅವರಿಗಲ್ಲ.

ಹಿಂತಿರುಗುವಾಗ ಸಂಪಾಜೆ ದಾಟುತ್ತಿದ್ದಂತೆ ಮಾವ, "ಸುಳ್ಯದಲ್ಲಿ ಒಂದು ಕಾಫಿ ಕುಡಿಯುವ," ಎಂದರು. ಗುರುತಿಲ್ಲದ ಊರಿನಲ್ಲಿ ಎಲೆ ಬಿಡುವುದು ಸುಲಭ. ಇಲ್ಲಿ ನಲವತ್ತು ವರ್ಷದ ಗುರುತು. ಅವರು ಮತ್ತೆ ಬಗ್ಗಿ ಎಲೆ ಎತ್ತುವುದನ್ನು ನನ್ನಿಂದ ನೋಡಲಾಗದು. "ಹಸಿವಿಲ್ಲ ಮಾವ," ಎಂದು ಸುಳ್ಳು ಹೇಳಿದೆ. ಕೇಳಬೇಕಲ್ಲ!

ಅದೇ ಜಗಲಿ, ಅದೇ ಬೆಂಚು. ಬನ್ಸ್ ತಿಂದೆವು, ಕಾಫಿ ಕುಡಿದೆವು. ಮಾವ ದುಡ್ಡು ಕೊಟ್ಟು ಬಂದು ಮತ್ತೆ ಕೂತರು.

"ಗೌಡ್ರೇ, ಎಲೆ ಅಲ್ಲೇ ಉಂಟಲ್ಲ?" ಯಜಮಾನರು ಗಲ್ಲಾದಿಂದಲೇ ಕೂಗಿದರು. ಜಗಲಿಯಲ್ಲಿ ಎಲ್ಲರ ಬಾಯಿ ನಿಂತಿತು. ಮಾತಿನ ಶೂರನಾದ ನನ್ನ ಕೈ ತಾನಾಗಿ ಎಲೆಯ ಕಡೆ ಹೋಯಿತು. ಮಾವ ಅದರ ಮೇಲೆ ಫಟ್ಟೆಂದು ಹೊಡೆದರು.

"ಕೈ ತೆಗಿ ಅಳಿಯ." ಮತ್ತೆ ಗಲ್ಲಾದ ಕಡೆ ತಿರುಗಿ, ಮೆಲ್ಲಗೆ, "ಉಂಟು ಯಜಮಾನ್ರೆ. ದುಡ್ಡು ಕೊಟ್ಟದ್ದು ನಾನು, ತಿಂದದ್ದು ನಾನು. ಎತ್ತುದೂ ನಾನೇ ಆದ್ರೆ ನಿಮ್ಮ ಹೋಟ್ಲು ಎಂತಕ್ಕೆ? ಮನೆಯಲ್ಲೇ ತಿಂತಿದ್ದೆ," ಎಂದರು.

ಎಲೆ ಎತ್ತಿಕೊಂಡು ಹಿತ್ತಿಲಿಗೆ ಹೊರಟಿದ್ದ ಗಾಡಿಯವನೊಬ್ಬ ನಿಂತ. ಯಜಮಾನರ ಮುಖ ನೋಡಿದ, ಮಾವನ ಮುಖ ನೋಡಿದ. ತಿರುಗಿ ಬಂದು ತನ್ನ ಎಲೆಯನ್ನು ಬೆಂಚಿನ ಮೇಲಿಟ್ಟು, "ನನಗೆ ಇನ್ನೊಂದು ಕಾಫಿ," ಎಂದು ಕೂತ. ಅವನ ಪಕ್ಕದವನೂ ಎದ್ದವನು ಕೂತ. ಹೊರಗೆ ನಮ್ಮ ಬೆಳ್ಳಾರೆಯ ಬಸ್ಸು ಹಾರನ್ ಹೊಡೆಯಿತು. ಯಾರೂ ಏಳಲಿಲ್ಲ.

"ಎಂತ ನೋಡ್ತಾ ನಿಂತದ್ದು ಮಾರಾಯ?" ಯಜಮಾನರು ಕೊನೆಗೆ ಮಾಣಿಯ ಮೇಲೆ ಹರಿಹಾಯ್ದರು. "ಹೋಗಿ ಎತ್ತು!"

ಬಸ್ಸು ಹೋಯಿತು. ಹೋಗಲಿ, ಬೆಳ್ಳಾರೆಗೆ ಹತ್ತೇ ಮೈಲಿ. ಮಾವ ಮುಂಡಾಸು ಬಿಗಿದು ಮುಂದೆ ನಡೆದರು. "ಬನ್ಸ್ ಹೇಗಿತ್ತು ಮಾವ?" ಎಂದೆ. "ಬೆಂಗಳೂರಿನಲ್ಲಿ ಎಲ್ಲಿ ಉಂಟು ಈ ರುಚಿ!" ಎಂದರು. ರಸ್ತೆಯ ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದೆ. ಮಾಣಿ ಬುಟ್ಟಿ ಹಿಡಿದು ಜಗಲಿಯ ಬೆಂಚಿನ ಉದ್ದಕ್ಕೂ ಎಲೆ ಎತ್ತುತ್ತ ಬರುತ್ತಿದ್ದ.