ಗುಂಡವ್ವ ಮತ್ತು ಜಾರುವ ದಾರ

ನಾಶಿಕದ ಅಂಬಡ್‌ನ ನಮ್ಮ ಗಲ್ಲಿಯೊಳಗೆ ಗುಂಡವ್ವನ ಕಣ್ಣು ತಪ್ಪಿಸಿ ಒಂದು ದಾರದ ಉಂಡೆಯೂ ಬರುವುದಿಲ್ಲ. ನನ್ನ ಕಿರಾಣಿ ಅಂಗಡಿಯ ಹೊಲಿಗೆ ದಾರವನ್ನೂ ಅವಳು ಉಗುರಿನಿಂದ ಗೀರಿ ನೋಡುತ್ತಾಳೆ. ಗಿರಾಕಿಗಳ ಎದುರಿಗೇ! ಸಿಟ್ಟು ನೆತ್ತಿಗೇರುತ್ತದೆ, ಒಂದೆರಡು ಮಾತು ಅಂದೂ ಬಿಡುತ್ತೇನೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಆಳಂದದ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದವಳು. ಗಂಡ ರೇವಪ್ಪ ಒಂದು ಸಂಕ್ರಾಂತಿಯ ಸಂಜೆ ಮೋಟರ್ ಸೈಕಲ್ ಮೇಲೆ ಮನೆಗೆ ಬರುತ್ತಿದ್ದಾಗ ರಸ್ತೆಗೆ ಅಡ್ಡವಾಗಿದ್ದ ಮಾಂಜಾ, ಅಂದರೆ ಗಾಜಿನ ಪುಡಿ ಮೆತ್ತಿದ ಗಾಳಿಪಟದ ದಾರ, ಕುತ್ತಿಗೆ ಕೊಯ್ದು ಸತ್ತ. ಮಣ್ಣು ಮಾಡಿ ಬಂದವಳು ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: ನಿಮ್ಮ ದಾರ ಕೊಯ್ಯುತ್ತದೆಯೇ? ನಮ್ಮದು ಬರೀ ಹತ್ತಿಯದು ಎಂದರು. ನಮ್ಮ ಹುಡುಗರು ಅಂಥದ್ದು ಮುಟ್ಟುವುದಿಲ್ಲ ಎಂದರು. ಇಡೀ ಊರಿನಲ್ಲಿ ಕೊಯ್ಯುವ ದಾರವೇ ಇರಲಿಲ್ಲ, ರೇವಪ್ಪ ಮಾತ್ರ ಸತ್ತಿದ್ದ. ಅಂದಿನಿಂದ ಅವಳಿಗೆ ಯಾರ ಮಾತೂ ಪಥ್ಯವಾಗುವುದಿಲ್ಲ.

ಈಗ ಅವಳು ನಮ್ಮ ಗಲ್ಲಿಯ ಚಾಳಿನ, ಅಂದರೆ ಬಾಡಿಗೆ ಸಾಲುಮನೆಯ, ಕೋಣೆಗಳನ್ನು ಮಾಲೀಕನ ಪರವಾಗಿ ನೋಡಿಕೊಳ್ಳುತ್ತಾಳೆ. ಯಾರನ್ನು ಇಡಬೇಕು, ಯಾರನ್ನು ಬಿಡಿಸಬೇಕು ಎಂಬುದು ಅವಳು ಹೇಳಿದಂತೆ. ಹೋದ ಚಳಿಗಾಲದಲ್ಲಿ ಶಿವರಾಯ ಎಂಬ ಕಲಬುರಗಿಯ ಯುವಕ ಕೋಣೆ ಹಿಡಿದ. ಸ್ವಿಚ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಗುಟಕಾ ಇಲ್ಲ, ಗದ್ದಲ ಇಲ್ಲ. ಇಷ್ಟು ಒಳ್ಳೆಯವನಾದರೆ ಒಳಗೇನೋ ಇರಲೇಬೇಕೆಂದು ಗುಂಡವ್ವ ಮೊದಲ ವಾರವೇ ತೀರ್ಮಾನಿಸಿದ್ದಳು.

ಒಂದು ಬೆಳಿಗ್ಗೆ ಅದು ಹೊರಬಿತ್ತು. ಚಾಳಿನ ಹಿಂದೆ ಅವನು ಬೇವಿನ ಮರದಿಂದ ಕಬ್ಬಿಣದ ಕಂಬದವರೆಗೆ ಸಣ್ಣನೆಯ ಎರಡು ದಾರ ಎಳೆದು ಕಟ್ಟಿ, ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಾ ಹೋಗುತ್ತಿದ್ದ. ನಾಶಿಕದಲ್ಲಿ ಇದರ ಅರ್ಥ ಸಣ್ಣ ಮಕ್ಕಳಿಗೂ ಗೊತ್ತು. ಮಾಂಜಾ ಮಾಡುವವರು ಗಾಜಿನ ಅಂಟನ್ನು ದಾರಕ್ಕೆ ಮೆತ್ತುವುದು ಹೀಗೇ.

ಗುಂಡವ್ವ ನನ್ನನ್ನು ಎಳೆದುಕೊಂಡು ಹೋದಳು. ಶಿವರಾಯ ಮುಖ ಕೆಂಪಗೆ ಮಾಡಿಕೊಂಡು ವಿವರಿಸಿದ. ಇದು ಕಸರತ್ತಿನ ಗಾಳಿಪಟವಂತೆ, ಕೊಯ್ಯುವ ಪಂದ್ಯದ್ದಲ್ಲವಂತೆ. ಎರಡು ಕೈಗೆ ಎರಡು ದಾರ, ಎತ್ತಿನ ಹಗ್ಗದ ಹಾಗೆ, ಎಡದ್ದು ಜಗ್ಗಿದರೆ ಎಡಕ್ಕೆ ತಿರುಗುತ್ತದೆ. ಪಟ ಗಿರಕಿ ಹೊಡೆದಾಗ ದಾರಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಮಣ್ಣು ಹಿಡಿದಿದ್ದರೆ ಅಲ್ಲೇ ಅಂಟಿ, ಕೈ ಜಗ್ಗಿದ್ದು ಪಟಕ್ಕೆ ತಲುಪುವುದಿಲ್ಲ. ಅದಕ್ಕೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸಿಲಿಕೋನ್ ಎಣ್ಣೆಯ ನಾಲ್ಕು ಹನಿ ಹಾಕಿದ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಜಿಡ್ಡು ಉಳಿಯದಂತೆ ಒಣ ಬಟ್ಟೆ. ಜಿಡ್ಡು ಉಳಿದರೆ ಮತ್ತೆ ಧೂಳು ಹಿಡಿಯುತ್ತದೆ. ಭಾನುವಾರ ಸಂಭಾಜಿನಗರದ ಚಿಕಲಠಾಣಾ ಮೈದಾನದಲ್ಲಿ ಗಾಳಿಪಟದ ಪ್ರದರ್ಶನವಿದೆ, ಮೊದಲ ಸಲ ಅವನನ್ನು ಕರೆದಿದ್ದಾರೆ.

ಗುಂಡವ್ವ ಸೊಂಟಕ್ಕೆ ಕೈಯಿಟ್ಟು ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

“ಸಾವ್ಕಾರ್ರ, ದಾರ ಜಾರಲಿ ಅಂತ ಯಾರರ ಎಣ್ಣಿ ಹಚ್ಚತಾರೇನ್ರಿ?”

ನಿಜ ಹೇಳಬೇಕೆಂದರೆ ನನಗೂ ನಂಬಿಕೆ ಬರಲಿಲ್ಲ. ಬಾಟಲಿ ಮೂಸಿದೆ, ವಾಸನೆಯೇ ಇಲ್ಲ. ವಾಸನೆ ಇಲ್ಲದ ಎಣ್ಣೆಯನ್ನು ನನ್ನ ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಗುಂಡವ್ವ ಅವನ ಬಟ್ಟೆಯನ್ನು ಸ್ಟೀಲ್ ಬೋಗಣಿಯ ನೀರಿನಲ್ಲಿ ಜಾಲಿಸಿ, ತಳದಲ್ಲಿ ಗಾಜಿನ ಪುಡಿ ಕೂರುತ್ತದೆಯೇ ಎಂದು ಕಾದಳು. ಏನೂ ಕೂರಲಿಲ್ಲ. ಅವಳ ಅನುಮಾನ ಇಮ್ಮಡಿಯಾಯಿತು. ಗಾಜು ಕಾಣದ ಹಾಗೆ ಮೆತ್ತುವ ಕಲೆ ಇವನಿಗೆ ಗೊತ್ತಿದೆ, ಭಾರೀ ಚಾಲಾಕು ಎಂದಳು.

ಶನಿವಾರ ಶಿವರಾಯ ಕಾರ್ಖಾನೆಯಿಂದ ಬರುವಷ್ಟರಲ್ಲಿ ಅವಳು ಕೋಣೆಗೆ ನುಗ್ಗಿ ದಾರ ಸುತ್ತಿದ ಹಲಗೆಯನ್ನು ಎತ್ತಿಕೊಂಡು ಬಂದು ನೀರೊಲೆಯ ಮುಂದೆ ಕೂತಿದ್ದಳು. ಗದ್ದಲ ಕೇಳಿ ನಾನೂ ಅಂಗಡಿ ಬಿಟ್ಟು ಓಡಿದೆ. ಉರಿ ಚೆನ್ನಾಗಿಯೇ ಹತ್ತಿತ್ತು. ಅವನ ಚೀಲ, ಹಾಸಿಗೆ ಆಗಲೇ ಹೊರಗೆ ಬಿದ್ದಿದ್ದವು. ಇಂಥ ಸೂಕ್ಷ್ಮ ದಾರ ಬೆಂಕಿಯ ಹತ್ತಿರ ಹೋದರೂ ಸಾಕು, ಕರಗಿಬಿಡುತ್ತದೆ. ಕೋಣೆಯೂ ಹೋಯಿತು, ಚಿಕಲಠಾಣಾವೂ ಹೋಯಿತು. ಹುಡುಗ ಬಿಳಿಚಿಕೊಂಡ, ಆದರೆ ಕಸಿದುಕೊಳ್ಳಲು ಕೈ ಹಾಕಲಿಲ್ಲ.

ಗುಂಡವ್ವ ಹಳೆಯ ಪ್ರಶ್ನೆಯನ್ನೇ ಕೇಳಿದಳು.

“ಇದು ಕುತ್ತಿಗಿ ಕೊಯ್ತದೇನು?”

ಇಲ್ಲ ಎನ್ನೋ ಮಾರಾಯ ಎಂದು ನಾನು ಕಣ್ಣಿನಲ್ಲೇ ಹೇಳುತ್ತಿದ್ದೆ. ಅವನು ಒಲೆಯನ್ನೊಮ್ಮೆ ನೋಡಿ ಅವಳ ಕಡೆ ತಿರುಗಿದ.

“ಹೌದ್ರಿ ಅವ್ವಾರ. ಗಾಜು ಇಲ್ಲ, ಖರೆ. ಆದ್ರ ಗಾಳ್ಯಾಗ ಬಿಗಿ ಆಗಿ ನಿಂತಾಗ ಯಾರರ ಜೋರಿನಿಂದ ಬಂದು ಬಡದ್ರ ಕೊಯ್ತದ್ರಿ. ಅದಕ್ಕ ರಸ್ತಾ ಇದ್ದಲ್ಲಿ ನಾ ಹಾರಸಂಗಿಲ್ಲ.”

ಕೆಲಸ ಕೆಟ್ಟಿತು ಎಂದುಕೊಂಡೆ. ಗುಂಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ರೇವಪ್ಪನ ಹೆಣದ ಮುಂದೆ ಕೂಡ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಹಲಗೆಯನ್ನು ಒಲೆಯಿಂದ ದೂರ, ಕಟ್ಟೆಯ ಮೇಲೆ ಇಟ್ಟಳು.

“ಹೌದು ಅಂದವ ನೀ ಒಬ್ಬನೇ ನೋಡಪಾ,” ಎಂದಳು.

ಹಾಗೆಂದು ಅನುಮಾನ ಬಿಟ್ಟಳೆಂದು ಯಾರೂ ತಿಳಿಯಬೇಡಿ. ಮರುದಿನ ತಾನೂ ಹೊರಟಳು, ಅಂಗಡಿ ಮುಚ್ಚಿಸಿ ನನ್ನನ್ನೂ ಹೊರಡಿಸಿದಳು. ಮನ್ಮಾಡ್ ದಾಟುವ ತನಕ ರೈಲಿನಲ್ಲಿ ಶಿವರಾಯನ ತಲೆ ತಿಂದಳು. ಮೈದಾನದ ಆಚೆ ರಸ್ತೆ ಎಷ್ಟು ದೂರ, ಬೇಲಿ ಇದೆಯೋ ಇಲ್ಲವೋ, ಕಾಯುವವರು ಯಾರು.

ಬೇಲಿ ಇರಲಿಲ್ಲ. ಸಂಘಟಕರು ಹಗ್ಗ ಕಟ್ಟಿದ್ದರು, ಆದರೆ ಒಂದು ಮೂಲೆಯಲ್ಲಿ ಅದನ್ನು ತುಳಿದು ಗಾಡಿಗಳು ಅಡ್ಡದಾರಿ ಮಾಡಿಕೊಂಡಿದ್ದವು. ಗುಂಡವ್ವ ನೆಟ್ಟಗೆ ಅಲ್ಲಿಗೆ ಹೋಗಿ ಕೈ ಅಗಲಿಸಿ ನಿಂತಳು. ಶಿವರಾಯನ ಪಟ ಮೇಲೇರಿತು, ಗಿರಕಿ ಹೊಡೆಯಿತು, ನೆಲ ಮುಟ್ಟುವಷ್ಟು ಕೆಳಗೆ ಧುಮುಕಿ ಮತ್ತೆ ಎದ್ದಿತು. ಜನ ಶಿಳ್ಳೆ ಹಾಕಿದರು, ನಾನೂ ಚಪ್ಪಾಳೆ ಹೊಡೆದೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಒಬ್ಬ ಮೋಟರ್ ಸೈಕಲ್ ನಿಲ್ಲಿಸಿ, ಪಕ್ಕಕ್ಕೆ ಸರಿಯುವಂತೆ ಮರಾಠಿಯಲ್ಲಿ ಗದರಿದ. ಹೆಂಡತಿ ಕಾಯುತ್ತಿದ್ದಾಳೆ, ತಡವಾಗಿದೆ ಎಂದ. ಅವಳು ತನಗೆ ಬಂದ ಹರಕು ಮರಾಠಿಯಲ್ಲೇ ಹೇಳಿದಳು: ದಾರ ಕೊಯ್ಯುತ್ತದೆ, ಇಳಿದು ಸುತ್ತು ಹಾಕಿ ಹೋಗು. ಅವನು ಗೊಣಗುತ್ತಾ ಇಳಿದು, ಗಾಡಿ ತಳ್ಳಿಕೊಂಡು ಹೋದ. ಅವನು ರಸ್ತೆ ಸೇರಿ ಮನೆಯ ಕಡೆ ತಿರುಗುವ ತನಕ ಗುಂಡವ್ವ ಅವನ ಬೆನ್ನನ್ನೇ ನೋಡುತ್ತಿದ್ದಳು.