ಮಗಳ ಹೆಸರಿನ ಲೈಸೆನ್ಸ್

ಹನ್ನೊಂದು ವರ್ಷ ನಾನು ಮುಂಬೈಯ ಮುಲುಂಡಿನ ಒಂದು ಫೋಟೊ ಸ್ಟುಡಿಯೊದಲ್ಲಿ ಕೂತು ಬೇರೆಯವರ ಮದುವೆಯ ಫೋಟೊಗಳನ್ನು ತಿದ್ದಿದ್ದೇನೆ. ಮದುಮಗಳ ಗಲ್ಲದ ಮೇಲಿನ ಮೊಡವೆ ತೆಗೆಯುವುದು, ಮಾವನ ಕನ್ನಡಕದಲ್ಲಿ ಹೊಳೆದ ಫ್ಲ್ಯಾಶ್ ಅಳಿಸುವುದು, ಹಿಂದೆ ನಿಂತು ಆಕಳಿಸುತ್ತಿದ್ದವರನ್ನು ಮಾಯ ಮಾಡುವುದು. ಸ್ಟುಡಿಯೊ ಮುಚ್ಚಿದ ಮೇಲೆ ಅದೇ ಕೆಲಸವನ್ನು ವಿಕ್ರೋಳಿಯ ನಮ್ಮ ಮನೆಯಲ್ಲೇ ಮುಂದುವರಿಸಿದೆ. ಮನೆಯೆಂದರೆ ಒಂದು ಖೋಲಿ, ಒಂದು ಅಡುಗೆ ಕಟ್ಟೆ. ಕಟ್ಟೆಗೂ ಕಪಾಟಿಗೂ ನಡುವೆ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್. ಒಗ್ಗರಣೆ ಹಾಕುವಾಗ ಅದರ ಮೇಲೆ ಟವೆಲ್ ಹೊದಿಸುತ್ತಿದ್ದೆ.

ಕಂಪ್ಯೂಟರ್ ಮಾರಿದವನೇ ಫೋಟೊ ತಿದ್ದುವ ಸಾಫ್ಟ್‌ವೇರನ್ನೂ ಹಾಕಿಕೊಟ್ಟಿದ್ದ. ಅದು ಕದ್ದದ್ದು ಎಂದು ನನಗೆ ಗೊತ್ತಿತ್ತು. ಸ್ಟುಡಿಯೊದಲ್ಲಿಯೂ ಅಂಥದ್ದೇ ಇತ್ತು. ಅದರ ಬಗ್ಗೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಒಂದು ಸೋಮವಾರ ಅದು ತೆರೆಯಲೇ ಇಲ್ಲ. ಮರುದಿನವೂ ಇಲ್ಲ. ಅರ್ಧ ತಿದ್ದಿದ ಒಂದು ಮದುವೆ ಒಳಗೇ ಸಿಕ್ಕಿಕೊಂಡಿತ್ತು. ನಾನು ಪಾತ್ರೆ ತೊಳೆಯುವುದು, ಬಂದು ಗುಂಡಿ ಒತ್ತುವುದು, ಮತ್ತೆ ಹೋಗಿ ತೊಳೆದ ಪಾತ್ರೆಯನ್ನೇ ತೊಳೆಯುವುದು, ಹೀಗೇ ಮಾಡುತ್ತಿದ್ದೆ.

ನಮಗೆ ಒಬ್ಬಳೇ ಮಗಳು. ಆಗ ಪರೇಲಿನ ಒಂದು ಡಿಸೈನ್ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ನಾನೂ ನನ್ನ ಗಂಡನೂ ಬಾಗಲಕೋಟೆ ಕಡೆಯವರು. ಅವಳು ಹುಟ್ಟಿದ್ದೇ ಇಲ್ಲಿ. ಅವಳ ಕನ್ನಡ ಎಡವುತ್ತಾ, ಹಿಂದಿಯ ಕೈ ಹಿಡಿದು ಬರುತ್ತದೆ. ನನ್ನ ಪರದಾಟ ನೋಡಿ ಅವಳೇ ಹೇಳಿದಳು:

"ಮಮ್ಮಿ, ನಂಗ ಸ್ಟೂಡೆಂಟ್ ಡಿಸ್ಕೌಂಟ್ ಸಿಗ್ತದ. ಕಾಲೇಜ್ ಈಮೇಲ್ ಹಾಕೂದು, ಐಡಿ ಕಾರ್ಡ್ ಫೋಟೊ ಕೊಡೂದು, ಬಸ್. ನಂಗೂ ಬೇಕಲ್ಲ, ಕ್ಲಾಸಿಗೆ."

"ಎಷ್ಟ ಕಮ್ಮಿ ಆಕ್ಕೈತಿ?"

"ಆಧಾಕ್ಕಿಂತ ಕಮ್ಮಿ."

ಕಾಲೇಜಿನ ವಿಳಾಸ ಪರಿಶೀಲಿಸಿ ಕಂಪನಿಯಿಂದ ಒಪ್ಪಿಗೆ ಬರಲು ಎರಡು ದಿನ ಹಿಡಿಯಿತು. ಬಂದ ಮೇಲೆ ಪರದೆ ತುಂಬ ಷರತ್ತುಗಳು. ನಾನಾಗಿದ್ದರೆ ಓದುತ್ತಿರಲಿಲ್ಲ. ಅವಳು ಒಂದೊಂದೇ ಸಾಲು ಓದಿ ನನಗೆ ಹೇಳಿದಳು.

"ಇದು ಯಾರ ಹೆಸರಿಗೆ ಅದ, ಅವರೇ ವಾಪರಬೇಕು. ದೋ ಮಶೀನ್ ಮ್ಯಾಗ ಹಾಕಬಹುದು, ಲೇಕಿನ್ ಒಂದ್ ಟೈಮಿಗೆ ಒಂದರ ಮ್ಯಾಗೇ ಕೆಲಸ. ಹರ್ ಸಾಲ್ ಸ್ಟೂಡೆಂಟ್ ಅಂತ ಪ್ರೂಫ್ ಕೊಡಬೇಕು. ಔರ್..." ಅಲ್ಲಿಗೆ ನಿಂತಳು. "ಪಢಾಯಿಗೆ ಮಾತ್ರ. ಕಮಾಯಿಗೆ ನಹೀ." ಓದಿಗಷ್ಟೇ, ಗಳಿಕೆಗಲ್ಲ.

"ಯಾರ ಬಂದ ನೋಡ್ತಾರವಾ?" ಎಂದು ಅವಳ ಕೈಯಿಂದ ಮೌಸ್ ತೆಗೆದುಕೊಂಡು ಒಪ್ಪಿಗೆಯ ಗುಂಡಿಯನ್ನು ನಾನೇ ಒತ್ತಿದೆ. ಅವಳು ನನ್ನ ಮುಖ ನೋಡಿದಳು. ಅವಳ ಲ್ಯಾಪ್‌ಟಾಪಿನಲ್ಲಿ ಒಂದು, ನನ್ನ ಕಂಪ್ಯೂಟರಿನಲ್ಲಿ ಒಂದು. ಎರಡಕ್ಕೂ ಅವಳದೇ ಹೆಸರು.

ಆಮೇಲೆ ಶುರುವಾದ ಚಡಪಡಿಕೆಯನ್ನು ಹೇಗೆ ಹೇಳಲಿ? ಕದ್ದದ್ದನ್ನು ಬಳಸುವಾಗ ನಾನು ನಿಶ್ಚಿಂತೆಯಿಂದ ಇದ್ದೆ. ಕೊಂಡದ್ದನ್ನು ಬಳಸತೊಡಗಿದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗಲಿಲ್ಲ. ಅವಳು ಕ್ಲಾಸಿನಲ್ಲಿ ತೆರೆದರೆ ನನ್ನದು ಮುಚ್ಚುತ್ತಿತ್ತು. ನಾನು ತೆರೆದರೆ ಅವಳದು. ಪರದೆಯ ಮೇಲೆ ಒಂದು ಚೌಕ ಬರುತ್ತಿತ್ತು: ಈ ಖಾತೆ ಬೇರೆ ಕಡೆ ಬಳಕೆಯಲ್ಲಿದೆ, ಅಲ್ಲಿ ಮುಚ್ಚಿ ಇಲ್ಲಿ ಮುಂದುವರಿಸಲೇ? ಮೊದಮೊದಲು ಫೋನ್ ಮಾಡಿ ಕೇಳಿ ಒತ್ತುತ್ತಿದ್ದೆ. ಕ್ರಮೇಣ ಅವಳ ಟೈಮ್‌ಟೇಬಲ್ ಬಾಯಿಪಾಠವಾಯಿತು. ಈಗ ಲೋಕಲ್ ಕುರ್ಲಾ ದಾಟಿರಬೇಕು, ಈಗ ದಾದರ್, ಇನ್ನು ಇಪ್ಪತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ತೆಗೆಯುತ್ತಾಳೆ ಎಂದು ಲೆಕ್ಕ ಹಾಕುತ್ತಾ ಮದುಮಗಳ ಹುಬ್ಬು ತಿದ್ದುತ್ತಿದ್ದೆ. ಮಗಳು ಕ್ಷೇಮವಾಗಿ ಮುಟ್ಟಿದಳೇ ಎಂದು ಕಾಯುತ್ತಿದ್ದ ನಾನು, ಅವಳು ಇನ್ನೂ ಮುಟ್ಟದಿರಲಿ ಎಂದು ಬಯಸುವಂತಾಗಿದ್ದೆ.

ಆ ವರ್ಷದ ಕೊನೆಗೆ ಅವಳ ಜ್ಯೂರಿ ಬಂತು. ವರ್ಷವಿಡೀ ಮಾಡಿದ ಕೆಲಸವನ್ನು ಮೂವರು ಶಿಕ್ಷಕರ ಮುಂದೆ ಪರದೆಯ ಮೇಲೆ ತೋರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕ್ಲಿಪ್ಪು, ಕಿವಿಯೋಲೆ ಮಾರುವ ಹೆಂಗಸರ ಒಪ್ಪಿಗೆ ಕೇಳಿ, ಅವರ ಕೈಗಳ ಫೋಟೊ ತೆಗೆದಿದ್ದಳು. ಮುಖವಿಲ್ಲ, ಬರೀ ಕೈ. ಮನೆಯಲ್ಲಿ ನೋಡಿ ನಾನು, "ಉಗುರಿನ ಸಂದಿಯ ಕೊಳೆ ತಗದ ಬಿಡ್ಲ್ಯಾ? ಎರಡ ನಿಮಿಷದ ಕೆಲಸ" ಎಂದಿದ್ದೆ. ಅವಳು ಲ್ಯಾಪ್‌ಟಾಪ್ ಎದೆಗೆ ಅವುಚಿಕೊಂಡು ಎದ್ದು ಹೋಗಿದ್ದಳು.

ಬೆಳಗ್ಗೆ ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ಮಮ್ಮಿ, ಆಜ್ ಗ್ಯಾರಾ ಬಜೇದಿಂದ ಮುಟ್ಟಬ್ಯಾಡ. ಪಕ್ಕಾ?"

"ಪಕ್ಕಾ. ಹೋಗಿ ಬಾ."

ಹನ್ನೊಂದೂ ಕಾಲಿಗೆ ಮುಲುಂಡಿನಿಂದ, ನನಗೆ ಮದುವೆಯ ಕೆಲಸ ಕೊಡುವ ಫೋಟೊಗ್ರಾಫರ್ ಫೋನ್ ಮಾಡಿದ. ಆಲ್ಬಮಿನ ಮುಖಪುಟ ಹೆಣ್ಣಿನ ಕಡೆಯವರಿಗೆ ಹಿಡಿಸಿಲ್ಲ, ಪ್ರೆಸ್ಸಿಗೆ ಹೋಗುವ ಹೊತ್ತು, "ಭಾಭಿ, ದಸ್ ಮಿನಿಟ್ ಕಾ ಕಾಮ್ ಹೈ" ಎಂದ. ಮಗಳ ರೋಲ್ ನಂಬರ್ ಕೊನೆಯಲ್ಲಿದೆ, ಅವಳ ಸರದಿ ಮಧ್ಯಾಹ್ನಕ್ಕೇ ಬರುವುದು ಎಂದು ನನಗೆ ನಾನೇ ಹೇಳಿಕೊಂಡೆ. ತೆರೆದೆ. ಚೌಕ ಬಂತು. ಎಷ್ಟೋ ಸಲ ಒತ್ತಿದ್ದರಿಂದ ಕೈ ತಾನಾಗಿಯೇ ಒತ್ತಿತು.

ಮುಖಪುಟ ಕಳಿಸಿ ಫೋನ್ ಎತ್ತಿದರೆ ಮಗಳ ಆರು ಕರೆಗಳು. ತಿರುಗಿ ಮಾಡಿದೆ; ಸ್ವಿಚ್ ಆಫ್.

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಟೇಷನ್ನಿನ ಮೆಟ್ಟಿಲ ಮೇಲೆ ನೆನಪಾಗಿ ವಾಪಸ್ ಓಡಿದೆ. ಆರಿಸಿದ್ದೆ. ಸ್ಲೋ ಲೋಕಲ್ ಸಿಕ್ಕಿತು. ಸೀಟು ಖಾಲಿಯಿದ್ದರೂ ಕೂರಲಿಲ್ಲ. ವಿದ್ಯಾವಿಹಾರದಲ್ಲಿ ಗಾಡಿ ನಿಂತದ್ದು ಯಾಕೆ ಎಂದು ಪಕ್ಕದವಳನ್ನು ಕೇಳಿದೆ. "ಸ್ಟೇಷನ್ ಆಹೇ ನಾ, ತಾಈ," ಸ್ಟೇಷನ್ ಅಲ್ಲವೇ ಅಕ್ಕಾ, ಎಂದು ಅವಳು ನಕ್ಕಳು.

ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಒಳಗೆ ಬಿಡಲಿಲ್ಲ. ಆಚೆಯ ಫುಟ್‌ಪಾತಿನಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆದೆ. ಅರ್ಧ ಗಂಟೆಯ ಮೇಲೆ ಅವಳೇ ಹೊರಗೆ ಬಂದಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಂದು ಫಸ್ಟ್ ನಂಬರ್ ಬಂತು. ಉಲ್ಟಾ ಕರದ್ರು," ಎಂದಳು. ಎರಡನೇ ಚಿತ್ರ ತೋರಿಸುವಾಗ ಎಲ್ಲ ಮುಚ್ಚಿ ಹೋಯಿತಂತೆ. ಮತ್ತೆ ಲಾಗಿನ್ ಆದಾಗ ಇತ್ತೀಚೆಗೆ ಬಳಸಿದ ಫೈಲುಗಳೆಲ್ಲ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೆರೆದುಕೊಂಡವು. ಸಾಲುಸಾಲು ಮದುಮಕ್ಕಳು. ಆ ಮೂವರಲ್ಲಿ ಹಿರಿಯ ಮೇಡಂ ಕೇಳಿದರಂತೆ, ಇವು ಯಾರ ಕೆಲಸ?

"ನೀ ಏನಂದಿ?"

"ನಂದೇ ಅಂದೆ."

"ಯಾಕ? ನನ್ನ ಹೆಸರ ಹೇಳಬೇಕಿಲ್ಲೊ?"

"ಕ್ಯಾ ಬೋಲೂಂ, ಮಮ್ಮಿ? ನನ್ನ ಪಾಸ್‌ವರ್ಡ್ ಮ್ಯಾಗ ಮಮ್ಮಿ ಕಮಾಯಿ ಮಾಡ್ತಾಳ ಅಂತ?"

ಕಾಲೇಜಿನ ಈಮೇಲ್ ಕೊಟ್ಟು ರಿಯಾಯಿತಿಯಲ್ಲಿ ತೆಗೆದ ಲೈಸೆನ್ಸಿನ ಮೇಲೆ ದುಡಿಮೆ ಮಾಡುತ್ತಾಳೆಂದು ಅವಳ ಫಲಿತಾಂಶ ತಡೆಹಿಡಿದಿದ್ದರು. ನಾನು ಅವಳ ಕೈ ಹಿಡಿದು, ವಾಚ್‌ಮನ್ ಏನೋ ಕೂಗುತ್ತಿದ್ದರೂ, ಒಳಗೆ ನಡೆದೆ.

ಮೇಡಂ ನನಗಿಂತ ಹಿರಿಯರು. ಬಿಳಿಗೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದರು. ನನ್ನ ಹಿಂದಿಯಲ್ಲಿ ಎಲ್ಲ ಹೇಳಿದೆ. ಲೈಸೆನ್ಸ್ ಅವಳದು, ದುಡಿಮೆ ನನ್ನದು, ಷರತ್ತು ಗೊತ್ತಿದ್ದೂ ಒತ್ತಿದವಳು ನಾನು. ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಅವರು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು:

"ಎಷ್ಟು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೀರಿ?"

"ಹದಿಮೂರು."

"ಹಾಗಾದರೆ ತೊಂದರೆ ಹೆಚ್ಚಾಯಿತು. ಮನೆಯಲ್ಲಿ ಹದಿಮೂರು ವರ್ಷ ಪಳಗಿದ ಕೈ ಇರುವಾಗ, ಈ ಚಿತ್ರಗಳು ನಿಮ್ಮ ಮಗಳ ಕೈಯವೇ ಎಂದು ನಾನು ಹೇಗೆ ನಂಬಲಿ?"

ಮಗಳು ನನ್ನ ಕೈ ಬಿಟ್ಟಳು. ಮೇಜಿನ ಮೇಲೆ ಅವಳ ಚಿತ್ರಗಳ ಪ್ರಿಂಟುಗಳಿದ್ದವು. ಒಂದನ್ನು ಎತ್ತಿ ಅವರ ಮುಂದಿಟ್ಟೆ.

"ನಾನು ಮಾಡಿದ್ದರೆ ಈ ಉಗುರಿನ ಕೊಳೆ ಇರುತ್ತಿರಲಿಲ್ಲ, ಮೇಡಂ. ಈ ಬಿರುಕೂ ಇರುತ್ತಿರಲಿಲ್ಲ. ನನಗೆ ಬರುವುದು ಅಳಿಸುವುದೊಂದೇ. ಅಳಿಸುತ್ತೇನೆ ಎಂದಿದ್ದೆ, ಅವಳು ಬಿಡಲಿಲ್ಲ."

ಅವರು ಬಹಳ ಹೊತ್ತು ಆ ಚಿತ್ರ ನೋಡಿದರು. ಆಮೇಲೆ ಮಗಳಿಗೆ, "ತಿದ್ದದ ಒಂದು ಮೂಲ ಫೋಟೊ ತೆಗೆದುಕೋ. ನನ್ನ ಮುಂದೆ ಕೂತು ಮಾಡು" ಎಂದರು. ನನಗೆ ಹೊರಗಿನ ಬೆಂಚು ತೋರಿಸಿದರು.

ಒಂದೂವರೆ ಗಂಟೆ. ಬಾಗಿಲಿನ ಗಾಜಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಯಾವ ಉಪಕರಣ ಹಿಡಿದಿದ್ದಾಳೆ, ಎಷ್ಟು ಕಪ್ಪು ಕೊಟ್ಟಿದ್ದಾಳೆ, ಒಂದೂ ತಿಳಿಯಲಿಲ್ಲ. ನನ್ನ ಬಲಗೈ ತೊಡೆಯ ಮೇಲೆ ತಾನೇ ಮೌಸ್ ಆಡಿಸುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದು ಕೂತೆ.

ಅವಳನ್ನು ಪಾಸು ಮಾಡಿದರು. ನಿಯಮ ಮುರಿದದ್ದಕ್ಕೆ ಅಂಕ ಕಡಿಮೆ ಮಾಡಿ, ಎಚ್ಚರಿಕೆಯ ಪತ್ರಕ್ಕೆ ಅವಳ ಸಹಿ ತೆಗೆದುಕೊಂಡರು. ಅವಳ ಸಹಿಯ ಕೆಳಗೆ ನನ್ನದೂ ಒಂದು ಬೇಕೆಂದರು. ಬೇರೆ ಪಾಲಕರು ಹಾಕುವ ಜಾಗದಲ್ಲಿ ನಾನು ತಪ್ಪಿತಸ್ಥಳಂತೆ ಹಾಕಿದೆ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ವಿಕ್ರೋಳಿ ಬರುವ ಹೊತ್ತಿಗೆ ಹೇಳಿದೆ: "ನಿನ್ನ ಮಾರ್ಕ್ಸ್ ನಾ ತಿಂದೆ."

"ಹಾಂ," ಎಂದಳು. "ಲೇಕಿನ್ ಮೇಡಂಗೆ ಉಗುರು ತೋರಿಸಿದಿ. ಅದ ಠೀಕ್ ಇತ್ತು." ಇಳಿದು ನನಗಿಂತ ಮುಂದೆ ನಡೆದಳು.

ಆ ಸಂಜೆಯೇ ನನ್ನ ಕಂಪ್ಯೂಟರಿನಿಂದ ಅವಳ ಖಾತೆ ತೆಗೆದೆ. ಆಮೇಲೆ ಪುಕ್ಕಟೆ ಸಿಗುವ ಬೇರೊಂದು ಸಾಫ್ಟ್‌ವೇರ್ ಹಾಕಿಕೊಂಡೆ. ಅದರಲ್ಲಿ ಪ್ರತಿಯೊಂದು ಗುಂಡಿಯೂ ಬೇರೆ ಕಡೆ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ಮುಲುಂಡಿನ ಫೋಟೊಗ್ರಾಫರ್ ಎರಡು ಮದುವೆ ಬೇರೆಯವರಿಗೆ ಕೊಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೆಸರಿನಲ್ಲೇ, ರಿಯಾಯಿತಿ ಇಲ್ಲದೆ, ತಿಂಗಳ ಬಾಡಿಗೆಯ ಲೈಸೆನ್ಸ್ ತೆಗೆದುಕೊಂಡೆ. ಷರತ್ತುಗಳನ್ನು ನಾನೇ ಓದಿದೆ. ಅರ್ಧ ತಿಳಿಯಲಿಲ್ಲ. ಮಗಳು ಪಕ್ಕದಲ್ಲೇ ಇದ್ದಳು. ಕೇಳಲು ಧೈರ್ಯ ಬರಲಿಲ್ಲ.

ಈಗ ಅವಳಿಗೆ ಕೊನೆಯ ವರ್ಷ. ಕಾಲೇಜು ಮುಗಿದರೆ ಆ ರಿಯಾಯಿತಿಯೂ ಮುಗಿಯುತ್ತದೆ ಎಂದು ಅವಳಿಗೆ ಮೇಲ್ ಬರುತ್ತಿದೆಯಂತೆ. ಮನೆಯಲ್ಲಿದ್ದಾಗ ಒಮ್ಮೊಮ್ಮೆ ಲ್ಯಾಪ್‌ಟಾಪ್ ತೆರೆದಿಟ್ಟು ಸ್ನಾನಕ್ಕೆ ಹೋಗುತ್ತಾಳೆ. ಪರದೆಯ ಮೇಲೆ ಅರ್ಧ ಮುಗಿದ ಏನೋ ಚಿತ್ರ ಇರುತ್ತದೆ. ಅದರಲ್ಲಿ ಅಳಿಸಬಹುದಾದದ್ದನ್ನು ನೋಡುತ್ತಾ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಹೋಗಿ ನಲ್ಲಿ ಬಿಟ್ಟು, ಇದ್ದ ಎರಡು ಪಾತ್ರೆ ತೊಳೆಯತೊಡಗುತ್ತೇನೆ.